ಬೆಂಕಿಕಡ್ಡಿಯ ತಲೆ ಮುಳುಗುವಷ್ಟು

ಎರಡು ವರ್ಷಗಳ ಹಿಂದಿನ ಜುಲೈ ತಿಂಗಳಲ್ಲಿ ಶಿರಾಡಿ ಘಾಟಿಯಲ್ಲಿ ನಡೆದ, ಹೆಚ್ಚೆಂದರೆ ಮೂರು ಸೆಕೆಂಡು ಹಿಡಿದಿರಬಹುದಾದ ಒಂದು ಘಟನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಪುತ್ತೂರಿನಿಂದ ಬೆಂಗಳೂರಿಗೆ ಹೊರಟಿದ್ದೆವು. ಕಾರು ತಮ್ಮನದು, ಎಂದರೆ ಚಿಕ್ಕಪ್ಪನ ಮಗನದು. ಸುಮಾರು 250 ಅಶ್ವಶಕ್ತಿಯ, ಎಂಜಿನ್ನಿನ ಬಲವೆಲ್ಲ ಹಿಂದಿನ ಎರಡು ಚಕ್ರಗಳಿಗೇ ಹೋಗುವ ಸೆಡಾನ್. ಉಪ್ಪಿನಂಗಡಿಯವರೆಗೆ ತಾನೇ ಓಡಿಸಿದ ಅವನು, "ಅಣ್ಣ, ಘಾಟಿ ನೀವು ಹತ್ತಿಸಿ, ಮಜಾ ಉಂಟು" ಎಂದು ಸೀಟು ಬಿಟ್ಟುಕೊಟ್ಟ. ಗುಂಡ್ಯ ದಾಟುವ ಹೊತ್ತಿಗೆ ಮಳೆ ಎಷ್ಟು ಜೋರಾಗಿತ್ತೆಂದರೆ ವೈಪರ್ ಒಮ್ಮೆ ಒರೆಸಿ ಮತ್ತೆ ಬರುವಷ್ಟರಲ್ಲಿ ಎದುರಿನ ಕೆಂಪು ಬಸ್ಸು ಬರೀ ಕೆಂಪು ಬಣ್ಣವಾಗಿಬಿಡುತ್ತಿತ್ತು. ಸ್ವಲ್ಪ ನೇರ ದಾರಿ ಸಿಕ್ಕಿದಾಗ ಆ ಬಸ್ಸನ್ನು ಹಿಂದಿಕ್ಕಿದೆ. ಅದಾದ ಮೇಲಿನ ಎಡತಿರುವಿನಲ್ಲಿ, ಗುಡ್ಡದ ಕಡೆಯಿಂದ ಕೆಮ್ಮಣ್ಣು ಹೊತ್ತು ಇಳಿದ ನೀರು ರಸ್ತೆಗೆ ಅಡ್ಡಲಾಗಿ ಹರಿಯುತ್ತಿದ್ದುದು ನನ್ನ ಕಣ್ಣಿಗೆ ಬಿದ್ದಿತ್ತು. ಆದರೂ ತಿರುವು ಮುಗಿಯುವ ಮೊದಲೇ ಕಾಲು ಎಕ್ಸಲರೇಟರನ್ನು ಒತ್ತಿತು.

ಕಾರಿನ ಹಿಂಭಾಗ ಬಲಕ್ಕೆ, ಎಂದರೆ ಎದುರಿನಿಂದ ವಾಹನ ಬರುವ ಪಥದತ್ತ, ಜಾರತೊಡಗಿತು. ಸೀಟಿನ ಕೆಳಗೆ ನೆಲವೇ ಸರಿದಂಥ ಅನುಭವ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಪಟಪಟನೆ ಮಿಟುಕಿತು, ಚಕ್ರದ ಬಳಿಯಿಂದ ಕರಕರ ಸದ್ದು ಬಂತು, ಒತ್ತಿದ ಎಕ್ಸಲರೇಟರ್ ಸತ್ತಂತಾಯಿತು, ಕಾರು ಒಮ್ಮೆ ಅತ್ತ ಒಮ್ಮೆ ಇತ್ತ ಅಲುಗಿ ನೇರವಾಯಿತು. ನನ್ನ ಕೈ ಸ್ಟೇರಿಂಗನ್ನು ಜಾರಿದ ಕಡೆಗೆ ತಿರುಗಿಸಿತೋ, ಸುಮ್ಮನೆ ಬಿಗಿಯಾಗಿ ಹಿಡಿದುಕೊಂಡಿತ್ತೋ, ಪ್ರಾಮಾಣಿಕವಾಗಿ ಹೇಳುವುದಾದರೆ ನನಗೆ ನೆನಪಿಲ್ಲ. ಎದುರಿನಿಂದ ಯಾವ ಲಾರಿಯೂ ಬರಲಿಲ್ಲ. ಬದಿಗೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದಾಗ, ನಾನು ಹಿಂದಿಕ್ಕಿದ್ದ ಆ ಬಸ್ಸು ಅದೇ ತಿರುವನ್ನು, ಅದೇ ನೀರನ್ನು, ಏನೂ ಆಗಿಲ್ಲವೆಂಬಂತೆ ದಾಟಿ ಮುಂದೆ ಹೋಯಿತು.

ಮಾರನಹಳ್ಳಿ ದಾಟಿದ ಮೇಲೆ ಚಹದಂಗಡಿಯೊಂದರ ಮುಂದೆ ಅದೇ ಬಸ್ಸು ನಿಂತಿತ್ತು. ಚಾಲಕರು ಐವತ್ತು ದಾಟಿದವರು. ನಮ್ಮ ಕಾರನ್ನು ಗುರುತಿಸಿ, ಲೋಟ ಹಿಡಿದುಕೊಂಡೇ ಹತ್ತಿರ ಬಂದರು. ಬೈಯುತ್ತಾರೆಂದುಕೊಂಡೆ. ಅವರು ಬೈಯಲಿಲ್ಲ; ಬಗ್ಗಿ ಹಿಂದಿನ ಟೈರನ್ನು ನೋಡಿದರು, ಎದ್ದು ಮುಂದಿನದನ್ನು ನೋಡಿದರು, ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಒಂದು ಕಡ್ಡಿಯನ್ನು ತಲೆ ಕೆಳಗಾಗಿ ಮುಂದಿನ ಟೈರಿನ ಗೆರೆಯೊಳಗೆ ಇಳಿಸಿದರು. ಮದ್ದಿನ ತಲೆಯೂ ಅದರ ಮೇಲಿನ ಮರವೂ ಒಳಗೆ ಹೋದವು. ಅದೇ ಕಡ್ಡಿಯನ್ನು ಹಿಂದಿನ ಟೈರಿನ ಗೆರೆಯಲ್ಲಿಟ್ಟರೆ ತಲೆ ಮಾತ್ರ ಮುಳುಗಿತು. "ಮುಂದೆ ಹೊಸದು, ಹಿಂದೆ ಬೋಳು. ನೀರಲ್ಲಿ ಮುಂದಿಂದು ಜಾರಿದ್ರೆ ಕಾಲು ತೆಗೆದ್ರೆ ಸಾಕು ಸಾರ್, ಗಾಡಿ ಕೇಳ್ತದೆ. ಹಿಂದಿಂದು ಜಾರಿದ್ರೆ ಕೇಳಲ್ಲ" ಎಂದು, ಆ ಕಡ್ಡಿಯನ್ನು ವ್ಯರ್ಥ ಮಾಡದೆ ಅದರಲ್ಲೇ ಬೀಡಿ ಹಚ್ಚಿಕೊಂಡು ಬಸ್ಸಿನ ಕಡೆ ನಡೆದರು.

ಆಮೇಲೆ ವಿಚಾರಿಸಿದಾಗ ತಿಳಿಯಿತು. ಕಾರಿನ ನಾಲ್ಕೂ ಟೈರುಗಳು ಒಂದೇ ಅಳತೆಯವು. ಮೂರು ತಿಂಗಳ ಹಿಂದೆ ಎರಡನ್ನು ಮಾತ್ರ ಬದಲಿಸಿ, ಸ್ಟೇರಿಂಗ್ ಇರುವುದು ಮುಂದೆ ತಾನೇ ಎಂಬ ಲೆಕ್ಕದಲ್ಲಿ ಹೊಸ ಜೋಡಿಯನ್ನು ಮುಂದಕ್ಕೆ ಹಾಕಿಸಿದ್ದನಂತೆ. ನಮ್ಮಲ್ಲಿ ಬಹುತೇಕ ಟೈರಂಗಡಿಗಳಲ್ಲಿ ಹೀಗೇ ಹಾಕುತ್ತಾರೆ, ಗಿರಾಕಿಗಳೂ ಹೀಗೇ ಕೇಳುತ್ತಾರೆ. ಟೈರು ತಯಾರಿಸುವ ಕಂಪನಿಗಳು ಮಾತ್ರ ಹೊಸ ಜೋಡಿ ಹಿಂದಕ್ಕೇ ಇರಲಿ ಎಂದು ಹೇಳುತ್ತ ಬಂದಿವೆ, ಕಾರು ಮುಂದಿನ ಚಕ್ರದಿಂದ ಎಳೆಯುವುದಾದರೂ ಸರಿಯೇ. ಕಾರಣ ಆ ಬಸ್ ಚಾಲಕರು ಹೇಳಿದ್ದೇ.

ಮಾವನ ಜೀಪು

ಮನೆಯಲ್ಲಿ ವಿಷಯ ಗೊತ್ತಾದ ಮೇಲೆ ಎರಡು ಪಕ್ಷಗಳಾದವು. ತಮ್ಮನ ಪ್ರಕಾರ ನನ್ನನ್ನು ಉಳಿಸಿದ್ದು ಕಾರು. ಆ ಹಳದಿ ದೀಪದ ಹಿಂದಿನ, ಜಾರುವ ಕಾರನ್ನು ತಾನಾಗಿ ಹಿಡಿಯುವ ಇಎಸ್‌ಪಿ ಎಂಬ ವ್ಯವಸ್ಥೆ ಇರದಿದ್ದರೆ ನಾವು ಕೆಂಪುಹೊಳೆಯ ಕಡೆ ಮುಖ ಮಾಡಿರುತ್ತಿದ್ದೆವು. ಸಕಲೇಶಪುರದ ಕಡೆ ತೋಟ ಮಾಡಿಕೊಂಡಿರುವ ನನ್ನ ಸೋದರಮಾವನ ಪ್ರಕಾರ ಓಡಿಸಲು ಬಾರದವನ ಕೈಗೆ ಕಾರು ಕೊಟ್ಟದ್ದೇ ತಪ್ಪು. "ನಾವು ನಲವತ್ತು ವರ್ಷ ಇದೇ ಮಳೇಲಿ ಜೀಪ್ ಓಡಿಸಿಲ್ವೇನೋ? ಯಾವ ಎಬಿಎಸ್ ಇತ್ತು, ಯಾವ ಇಎಸ್‌ಪಿ ಇತ್ತು?" ಎಂಬುದು ಅವರ ವಾದ. ಈ ಜಗಳ ನಮ್ಮ ಮನೆಯದಷ್ಟೇ ಅಲ್ಲ. ಮಳೆ, ಬಲವಾದ ಕಾರು, ಅಪಘಾತ ಎಂಬ ಮೂರು ಮಾತು ಸೇರಿದಲ್ಲೆಲ್ಲ ಇದೇ ಎರಡು ಪಕ್ಷಗಳು ಎದ್ದು ನಿಲ್ಲುತ್ತವೆ.

ಮಾವನ ಕೈಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ಚಿಕ್ಕವನಿದ್ದಾಗ ಅವರ ಪಕ್ಕ ಕುಳಿತು, ಅಂಟುಮಣ್ಣಿನ ಏರಿನಲ್ಲಿ ಜೀಪು ಅಡ್ಡಡ್ಡ ಜಾರುತ್ತಲೇ ಮೇಲಕ್ಕೇರುವುದನ್ನು ಕಂಡಿದ್ದೇನೆ. ಅವರ ಕಾಲು ಎಕ್ಸಲರೇಟರನ್ನು ಒತ್ತುತ್ತಿರಲಿಲ್ಲ, ಸವರುತ್ತಿತ್ತು. ಆದರೆ ಮಾವ ಒಂದು ಮಾತನ್ನು ಮರೆಯುತ್ತಾರೆ. ಆ ಜೀಪಿನ ಎಂಜಿನ್ನು ಎಷ್ಟು ಒತ್ತಿದರೂ ಕೊಡುತ್ತಿದ್ದ ಬಲ ಇಂದಿನ ಸಣ್ಣ ಹ್ಯಾಚ್‌ಬ್ಯಾಕ್‌ಗಿಂತ ಕಡಿಮೆ. ಘಾಟಿಯ ಏರಿನಲ್ಲಿ ಮೂವತ್ತು ಕಿಲೋಮೀಟರ್ ವೇಗದಲ್ಲಿ ಏದುಸಿರು ಬಿಡುತ್ತ ಹತ್ತುವ ಗಾಡಿ, ತಿರುವಿನ ನಡುವೆ ಚಾಲಕನನ್ನು ಮೋಸಗೊಳಿಸುವಷ್ಟು ಶಕ್ತಿಯನ್ನು ಎಲ್ಲಿಂದ ತರಬೇಕು? ಬಲ ಕಡಿಮೆ ಇದ್ದುದೇ ಅಂದಿನ ಸುರಕ್ಷಾ ವ್ಯವಸ್ಥೆ. ಇನ್ನೊಂದು ಮಾತೂ ಇದೆ, ಮಾವನೆದುರು ಆಡಲು ಧೈರ್ಯವಾಗದ್ದು: ನಲವತ್ತು ವರ್ಷ ಓಡಿಸಿದೆವೆಂದು ಹೇಳಲು ಇಂದು ಉಳಿದಿರುವವರು, ಉಳಿದವರು ಮಾತ್ರ.

ಒಣರಸ್ತೆಯಲ್ಲಿ ಎಂಬತ್ತರ ವೇಗದಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ಒಳ್ಳೆಯ ಕಾರು ಸುಮಾರು 32 ಮೀಟರಿನಲ್ಲಿ ನಿಲ್ಲಬಲ್ಲದು. ಮಳೆಯಿಂದ ರಸ್ತೆಯ ಹಿಡಿತ ಅರ್ಧಕ್ಕಿಳಿದರೆ ಆ ದೂರ 63 ಮೀಟರಿಗೆ ಏರುತ್ತದೆ. ಬ್ರೇಕ್ ಹಾಕಬೇಕೆಂದು ತೋಚುವ ಒಂದು ಸೆಕೆಂಡಿನಲ್ಲಿ ಸಾಗುವ 22 ಮೀಟರು ಇದರ ಮೇಲೆ. ನೀರು ಇನ್ನೂ ಹೆಚ್ಚಾಗಿ, ಅದನ್ನು ಟೈರಿನ ಗೆರೆಗಳು ಹೊರಹಾಕಲಾರದೆ ಹೋದಾಗ ರಬ್ಬರು ರಸ್ತೆಯನ್ನು ಬಿಟ್ಟು ನೀರಿನ ಮೇಲೆ ತೇಲುತ್ತದೆ. ಇದನ್ನು 1960ರ ದಶಕದಲ್ಲಿ ವಿಮಾನದ ಟೈರುಗಳ ಮೇಲೆ ಪ್ರಯೋಗ ನಡೆಸಿ ಲೆಕ್ಕಕ್ಕೆ ತಂದವರು ನಾಸಾದ ಸಂಶೋಧಕರು. ಅವರ ಸೂತ್ರದ ಸೋಜಿಗವೆಂದರೆ ತೇಲುವ ವೇಗ ಮುಖ್ಯವಾಗಿ ಟೈರಿನ ಗಾಳಿಯ ಒತ್ತಡವನ್ನು ಅವಲಂಬಿಸಿದೆ. 33 ಪಿಎಸ್‌ಐ ಗಾಳಿಯಿದ್ದರೆ ಸುಮಾರು 95 ಕಿಲೋಮೀಟರ್ ವೇಗದಲ್ಲಿ ತೇಲತೊಡಗುವ ಟೈರು, 25ಕ್ಕೆ ಇಳಿದಿದ್ದರೆ 83ರಲ್ಲೇ ತೇಲುತ್ತದೆ. ಲಕ್ಷಗಟ್ಟಲೆ ಬೆಲೆಯ ಎಲೆಕ್ಟ್ರಾನಿಕ್ಸ್ ಒಂದು ಕಡೆ, ಪೆಟ್ರೋಲ್ ಬಂಕಿನಲ್ಲಿ ಪುಕ್ಕಟೆಯಾಗಿ ಸಿಗುವ ಗಾಳಿ ಇನ್ನೊಂದು ಕಡೆ!

ಮಳೆಯಲ್ಲಿ ಸೆನ್ನಾ

ಚಾಲಕನ ಕೌಶಲವೇ ಎಲ್ಲವೂ ಎನ್ನುವವರು ಕೊನೆಗೆ ತೆಗೆಯುವ ಬ್ರಹ್ಮಾಸ್ತ್ರವೆಂದರೆ ಬ್ರೆಜಿಲ್‌ನ ಫಾರ್ಮುಲಾ ಒನ್ ಚಾಲಕ ಐರ್ಟನ್ ಸೆನ್ನಾ, ಅದರಲ್ಲೂ 1993ರ ಏಪ್ರಿಲ್ 11ರಂದು ಇಂಗ್ಲೆಂಡಿನ ಡಾನಿಂಗ್ಟನ್‌ನಲ್ಲಿ ನಡೆದ ಯುರೋಪಿಯನ್ ಗ್ರ್ಯಾನ್ ಪ್ರಿ. ನಾಲ್ಕನೆಯ ಸ್ಥಾನದಿಂದ ಹೊರಟು, ಮೊದಲ ತಿರುವಿನ ಹೊತ್ತಿಗೆ ಐದಕ್ಕೆ ಕುಸಿದು, ಶೂಮಾಕರ್, ವೆಂಡ್ಲಿಂಗರ್, ಹಿಲ್, ಪ್ರಾಸ್ಟ್ ಈ ನಾಲ್ವರನ್ನೂ ಒಂದೇ ಸುತ್ತಿನಲ್ಲಿ ಹಿಂದಿಕ್ಕಿ ಮುಂಚೂಣಿಗೆ ಬಂದ ಆ ಓಟವನ್ನು ನಾನೂ ಎಷ್ಟೋ ಸಲ ನೋಡಿದ್ದೇನೆ. ಪ್ರಾಸ್ಟ್ ಮತ್ತು ಹಿಲ್ ಓಡಿಸುತ್ತಿದ್ದ ವಿಲಿಯಮ್ಸ್ ಕಾರಿನಲ್ಲಿದ್ದುದು ರೆನೋದ ವಿ10 ಎಂಜಿನ್. ಸೆನ್ನಾನ ಮ್ಯಾಕ್ಲಾರೆನ್‌ನಲ್ಲಿದ್ದುದು ಅದಕ್ಕಿಂತ ಬಲ ಕಡಿಮೆಯ ಫೋರ್ಡ್ ವಿ8. ಗೆಲುವಿನ ಅಂತರ ಒಂದು ನಿಮಿಷ 23 ಸೆಕೆಂಡು. ಎರಡನೆಯವನಾಗಿ ಬಂದ ಹಿಲ್‌ನನ್ನು ಬಿಟ್ಟರೆ ಉಳಿದವರೆಲ್ಲರೂ ಒಂದು ಸುತ್ತಾದರೂ ಹಿಂದೆ ಬಿದ್ದಿದ್ದರು. (ಅದೇ ಮೊದಲ ಸುತ್ತಿನಲ್ಲಿ ಹನ್ನೆರಡನೆಯ ಸ್ಥಾನದಿಂದ ನಾಲ್ಕಕ್ಕೇರಿದ ಬ್ಯಾರಿಕೆಲ್ಲೊನನ್ನು ಯಾರೂ ನೆನೆಯುವುದಿಲ್ಲ. ಪಾಪ, ಅವನಿಗಾಗ ಇಪ್ಪತ್ತು ವರ್ಷ, ಫಾರ್ಮುಲಾ ಒನ್‌ನಲ್ಲಿ ಅದು ಮೂರನೆಯ ಓಟ.)

ಆದರೆ ಈ ಕಥೆಯನ್ನು ಹೇಳುವವರು ಬಿಡುವ ವಿವರವೊಂದಿದೆ. ಆ ವರ್ಷ ಸೆನ್ನಾನ ಕಾರಿನಲ್ಲೂ ಟ್ರ್ಯಾಕ್ಷನ್ ಕಂಟ್ರೋಲ್, ಎಂದರೆ ಎಂಜಿನ್ನಿನ ಬಲಕ್ಕೆ ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ, ಇತ್ತು, ಕಂಪ್ಯೂಟರ್ ನಿಯಂತ್ರಿತ ಸಸ್ಪೆನ್ಷನ್ ಇತ್ತು. ಈ ಎಲೆಕ್ಟ್ರಾನಿಕ್ ಊರುಗೋಲುಗಳನ್ನು ಫಾರ್ಮುಲಾ ಒನ್ ನಿಷೇಧಿಸಿದ್ದು ಮರುವರ್ಷ, 1994ರಲ್ಲಿ. ಇದನ್ನು ಯಾರಿಗಿಂತಲೂ ಚೆನ್ನಾಗಿ ಬಲ್ಲವನು ಸೆನ್ನಾನೇ. ಡಾನಿಂಗ್ಟನ್ ತನ್ನ ಶ್ರೇಷ್ಠ ಓಟವೆಂಬ ಹೊಗಳಿಕೆಯನ್ನು ಅವನು ಒಪ್ಪಲಿಲ್ಲ. ಅಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಇತ್ತಲ್ಲ ಎಂದ. ಅದಕ್ಕಿಂತ ಹೆಚ್ಚಿನದೆಂದು ಅವನು ಎಣಿಸಿದ್ದು 1985ರ ಪೋರ್ಚುಗೀಸ್ ಗ್ರ್ಯಾನ್ ಪ್ರಿಯನ್ನು, ಎಸ್ಟೊರಿಲ್‌ನ ಭಾರಿ ಮಳೆಯಲ್ಲಿ ಟರ್ಬೊ ಎಂಜಿನ್ನಿನ ಲೋಟಸ್ ಕಾರನ್ನು ಓಡಿಸಿ ಪಡೆದ ತನ್ನ ಮೊಟ್ಟಮೊದಲ ಗೆಲುವನ್ನು. ಯಾವ ಊರುಗೋಲೂ ಇಲ್ಲದ ಆ ಓಟದಲ್ಲಿ, ಮಳೆಯ ಲೆಕ್ಕವನ್ನು ಅತ್ಯಂತ ಎಚ್ಚರಿಕೆಯಿಂದ ಹಾಕುತ್ತಿದ್ದ ಪ್ರಾಸ್ಟ್ ನೇರದಾರಿಯಲ್ಲೇ ನೀರಿನ ಮೇಲೆ ತೇಲಿ ಹೊರಬಿದ್ದ. ಸೆನ್ನಾನೂ ಒಮ್ಮೆ ಹುಲ್ಲಿನ ಮೇಲೆ ಜಾರಿ ಹೇಗೋ ಮರಳಿ ಟ್ರ್ಯಾಕಿಗೆ ಬಂದಿದ್ದ. ಜನ ಅದನ್ನು ಅದ್ಭುತ ನಿಯಂತ್ರಣವೆಂದು ಕೊಂಡಾಡಿದರೆ, ಕಾರು ತನ್ನ ಕೈಮೀರಿ ಹೋಗಿತ್ತು, ಹಿಂದಿರುಗಿದ್ದು ಅದೃಷ್ಟ ಎಂದು ಅವನೇ ಹೇಳಿಕೊಂಡ. ಮಳೆಯಲ್ಲಿ ಅವನಷ್ಟು ಬಲ್ಲವನು ಅದೃಷ್ಟವೆಂದು ಒಪ್ಪಿಕೊಂಡ ಕಡೆ, ಘಾಟಿಯ ಮೇಲಿನ ಚಹದಂಗಡಿಯಲ್ಲಿ ನಿಂತು "ಸ್ವಲ್ಪ ಜಾರಿತು, ಹಿಡಿದೆ" ಎಂದು ತಮ್ಮನಿಗೆ ಹೇಳಿದ್ದು ನಾನು. ಆ ಮಾತು ನೆನಪಾದಾಗ ಈಗಲೂ ಮುಖ ಬಿಸಿಯಾಗುತ್ತದೆ.

ಡಾನಿಂಗ್ಟನ್ನನ್ನು ಮತ್ತೆ ಮತ್ತೆ ನೋಡಿದಾಗ ನನಗೆ ಮೊದಲ ಸುತ್ತಿಗಿಂತ ಉಳಿದ ಓಟವೇ ಹೆಚ್ಚು ಹೇಳುತ್ತದೆ ಅನಿಸುತ್ತದೆ. ಅಂದು ಮಳೆ ಬರುತ್ತ, ನಿಲ್ಲುತ್ತ, ಮತ್ತೆ ಬರುತ್ತ ಇತ್ತು. ಒಣರಸ್ತೆಯ ನುಣುಪು ಟೈರು ಯಾವಾಗ, ಗೆರೆಯಿರುವ ಮಳೆ ಟೈರು ಯಾವಾಗ ಎಂಬುದೇ ಪ್ರಶ್ನೆಯಾಗಿತ್ತು. ಪ್ರಾಸ್ಟ್ ಏಳು ಬಾರಿ ಟೈರು ಬದಲಿಸುವ ಪಿಟ್‌ಗೆ ಬಂದು ಹೋದ. ಸೆನ್ನಾ ಒಣ ಟೈರಿನಲ್ಲೇ ಹನಿಮಳೆಯನ್ನು ಸಹಿಸಿಕೊಂಡು ಉಳಿದ ಘಳಿಗೆಗಳಿವೆ. ಅವನ ಕೌಶಲದಲ್ಲಿ ದೊಡ್ಡ ಪಾಲು, ಈಗ ತನ್ನ ಕೆಳಗಿರುವ ಉಪಕರಣ ಈ ರಸ್ತೆಗೆ ಎಷ್ಟು ಸಾಕು ಎಂದು ಕ್ಷಣಕ್ಷಣಕ್ಕೂ ಅಳೆಯುವುದೇ ಆಗಿತ್ತು. ಹುಡುಗನಾಗಿದ್ದಾಗ ಮಳೆಯ ಕಾರ್ಟಿಂಗ್ ಓಟವೊಂದರಲ್ಲಿ ಹೀನಾಯವಾಗಿ ಸೋತ ಮೇಲೆ, ಮಳೆ ಬಂದಾಗಲೆಲ್ಲ ಕಾರ್ಟ್ ತೆಗೆದುಕೊಂಡು ಅಭ್ಯಾಸಕ್ಕೆ ಹೊರಡುತ್ತಿದ್ದನಂತೆ. ಟೈರು ಎಲ್ಲಿ ಕೈಕೊಡುತ್ತದೆ ಎಂಬುದನ್ನು ಅವನ ಮೈ ಸಾವಿರ ಸಲ ಕೇಳಿ ತಿಳಿದಿತ್ತು. ಬೆಂಕಿಕಡ್ಡಿಯ ಆ ಚಾಲಕರಿಗೂ ಅವನಿಗೂ ನನಗೆ ಹೆಚ್ಚು ಅಂತರ ಕಾಣುವುದಿಲ್ಲ. ಈ ಮಾತಿಗೆ ಓಟಪ್ರಿಯರು ನನ್ನನ್ನು ಕ್ಷಮಿಸಬೇಕು.

ಮ್ಯೂನಿಕ್‌ನ ಟ್ಯಾಕ್ಸಿ, ನಾರ್ವೆಯ ಹುಡುಗರು

ಹಾಗಾದರೆ ತಮ್ಮನ ಪಕ್ಷ ಸುಳ್ಳೇ? ಖಂಡಿತ ಅಲ್ಲ. ಕಾರು ಜಾರುವಾಗ ಹಳದಿ ದೀಪ ಮಿಟುಕಿಸುವ ಆ ಪೆಟ್ಟಿಗೆ ನಿಜಕ್ಕೂ ಬುದ್ಧಿವಂತ. ಸ್ಟೇರಿಂಗ್ ಎಷ್ಟು ತಿರುಗಿದೆ ಎಂಬುದನ್ನೂ ಕಾರು ವಾಸ್ತವವಾಗಿ ಎಷ್ಟು ತಿರುಗುತ್ತಿದೆ ಎಂಬುದನ್ನೂ ಸೆಕೆಂಡಿಗೆ ಹತ್ತಾರು ಸಲ ಹೋಲಿಸಿ, ಎರಡಕ್ಕೂ ತಾಳೆಯಾಗದಿದ್ದರೆ ಎಂಜಿನ್ನಿನ ಬಲ ತಗ್ಗಿಸಿ ಯಾವುದಾದರೂ ಒಂದೇ ಚಕ್ರಕ್ಕೆ ಬ್ರೇಕ್ ಹಾಕುತ್ತದೆ. ನನಗಿರುವುದು ಒಂದೇ ಬ್ರೇಕ್ ಪೆಡಲ್. ಒಂದೇ ಚಕ್ರವನ್ನು ಹಿಡಿಯುವುದು ಸೆನ್ನಾನ ಕಾಲಿಗೂ ಸಾಧ್ಯವಿರಲಿಲ್ಲ. ಮರ್ಸಿಡಿಸ್ ಕಾರಿನಲ್ಲಿ 1995ರಲ್ಲಿ ಮಾರುಕಟ್ಟೆಗೆ ಬಂದ ಈ ವ್ಯವಸ್ಥೆ ಒಂಟಿ ವಾಹನದ ಮಾರಣಾಂತಿಕ ಅಪಘಾತಗಳನ್ನು ಹೆಚ್ಚುಕಡಿಮೆ ಅರ್ಧದಷ್ಟು ತಗ್ಗಿಸುತ್ತದೆಂದು ಅಮೆರಿಕದ ಅಧ್ಯಯನಗಳು ಕಂಡುಕೊಂಡವು. 2012ರ ಮಾದರಿಗಳಿಂದ ಅಲ್ಲಿ ಅದು ಕಡ್ಡಾಯವೂ ಆಯಿತು. ಮಾವ ಏನೇ ಹೇಳಲಿ, ಈ ಅಂಕಿಯ ಮುಂದೆ ಜೀಪಿನ ಕಥೆಗಳು ನಿಲ್ಲುವುದಿಲ್ಲ.

ಆದರೂ ಆ ಪೆಟ್ಟಿಗೆಯ ಕೈಯಲ್ಲಿರುವ ಬಂಡವಾಳವೆಂದರೆ ಅಂಗೈಯಗಲದ ನಾಲ್ಕು ರಬ್ಬರಿನ ತುಂಡುಗಳು ರಸ್ತೆಯನ್ನು ಹಿಡಿದಿರುವಷ್ಟೇ ಹಿಡಿತ. ಹೊಸ ಟೈರಿನ ಗೆರೆ ಸುಮಾರು 8 ಮಿಲಿಮೀಟರ್ ಆಳವಿರುತ್ತದೆ. ನಮ್ಮ ಕಾನೂನು 1.6 ಮಿಲಿಮೀಟರಿನವರೆಗೂ ಓಡಿಸಲು ಬಿಡುತ್ತದೆ. ಗೆರೆಯ ತಳದಲ್ಲಿರುವ ಪುಟ್ಟ ಉಬ್ಬು ಟೈರಿನ ಮೈಯ ಮಟ್ಟಕ್ಕೆ ಬಂದಾಗ ಆ ಮಿತಿ ಮುಟ್ಟಿತೆಂದು ಅರ್ಥ. ನಮ್ಮ ಕಾರಿನ ಹಿಂದಿನ ಟೈರಿನಲ್ಲಿ ಆ ಉಬ್ಬಿಗಿಂತ ಮೇಲೆ ಇನ್ನೂ ಸ್ವಲ್ಪ ಗೆರೆ ಉಳಿದಿತ್ತು. ಅಂದರೆ ಕಾನೂನಿನ ಕಣ್ಣಿನಲ್ಲಿ ಅದು ಒಳ್ಳೆಯ ಟೈರೇ. ಕಾನೂನು ಬರೆದವರು ಜುಲೈಯಲ್ಲಿ ಶಿರಾಡಿ ಹತ್ತಿದವರಲ್ಲವೆಂದು ಕಾಣುತ್ತದೆ.

ಉಪಕರಣವನ್ನು ನಂಬಿದ ಮನುಷ್ಯ ಏನು ಮಾಡುತ್ತಾನೆ ಎಂಬುದಕ್ಕೆ ಮ್ಯೂನಿಕ್‌ನ ಟ್ಯಾಕ್ಸಿಗಳ ಅಧ್ಯಯನ ನನಗೆ ಮರೆಯಲಾಗದ್ದು. ಎಂಬತ್ತರ ದಶಕದಲ್ಲಿ ಅಲ್ಲಿನ ಟ್ಯಾಕ್ಸಿ ಕಂಪನಿಯೊಂದರ ಕೆಲವು ಕಾರುಗಳಿಗೆ ಎಬಿಎಸ್ ಇತ್ತು, ಕೆಲವಕ್ಕೆ ಇರಲಿಲ್ಲ. ಉಳಿದಂತೆ ಎಲ್ಲವೂ ಒಂದೇ. ಚಕ್ರ ಲಾಕ್ ಆಗದಂತೆ ತಡೆಯುವ ಬ್ರೇಕಿದ್ದ ಕಾರುಗಳಿಗೆ ಅಪಘಾತ ಕಡಿಮೆಯಾಗಬೇಕಿತ್ತು, ಆಗಲಿಲ್ಲ. ಪ್ರಯಾಣಿಕರಂತೆ ಹತ್ತಿ ಕುಳಿತ ವೀಕ್ಷಕರು ಕಂಡದ್ದೆಂದರೆ ಎಬಿಎಸ್ ಇದ್ದವರು ತಿರುವುಗಳನ್ನು ಹೆಚ್ಚು ರಭಸದಿಂದ ತೆಗೆದುಕೊಳ್ಳುತ್ತಿದ್ದರು, ಮುಂದಿನ ವಾಹನಕ್ಕೆ ಹೆಚ್ಚು ಹತ್ತಿರ ಹೋಗುತ್ತಿದ್ದರು. ಕಾರು ಕೊಟ್ಟ ಲಾಭವನ್ನು ಚಾಲಕರು ವೇಗದ ರೂಪದಲ್ಲಿ ಖರ್ಚು ಮಾಡಿದ್ದರು.

ಸರಿ, ಕೌಶಲ ಕಲಿಸಿದರೆ? ನಾನೂ ಅದನ್ನೇ ಯೋಚಿಸಿ, ಮರುವರ್ಷ ಚೆನ್ನೈ ಸಮೀಪದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನಲ್ಲಿ ಒಂದು ದಿನದ ತರಬೇತಿಗೆ ದುಡ್ಡು ಕಟ್ಟಿದೆ. ನೀರು ಹರಿಸಿದ ನುಣುಪು ಜಾಗದಲ್ಲಿ, ತರಬೇತುದಾರರು ಇಎಸ್‌ಪಿಯನ್ನು ಆಫ್ ಮಾಡಿ ಕಾರನ್ನು ಬೇಕೆಂದೇ ಜಾರಿಸಲು ಹೇಳಿದರು. ಮೊದಲ ನಾಲ್ಕು ಸಲವೂ ಕಾರು ಬುಗುರಿಯಂತೆ ತಿರುಗಿ ಬಂದ ದಿಕ್ಕಿಗೇ ಮುಖಮಾಡಿ ನಿಂತಿತು. "ಬಾನೆಟ್ ನೋಡಬೇಡಿ, ಹೋಗಬೇಕಾದ ಕಡೆ ನೋಡಿ, ಕಣ್ಣು ಹೋದ ಕಡೆ ಕೈ ಹೋಗುತ್ತದೆ" ಎಂದರು ಅವರು. ಐದನೆಯ ಸಲ, ಹಿಂಭಾಗ ಹೊರಟಿದ್ದು ಸೊಂಟಕ್ಕೆ ಮೊದಲು ತಿಳಿಯಿತು, ಕೈ ತಾನಾಗಿ ಎದುರು ತಿರುಗಿತು, ಕಾರು ಅಡ್ಡಡ್ಡ ಜಾರುತ್ತ ಜಾರುತ್ತ ನೇರವಾಯಿತು. ಸಂಜೆಯವರೆಗೆ ಹತ್ತರಲ್ಲಿ ಏಳು ಸಲ ಹಿಡಿಯುವಷ್ಟಾಯಿತು. ಆ ಸಂತೋಷವನ್ನು ಹೇಗೆ ಹೇಳಲಿ, ಸೈಕಲ್ ಕಲಿತ ಮೊದಲ ದಿನದಂಥದ್ದು.

ಅಂದು ರಾತ್ರಿ ಬೆಂಗಳೂರಿಗೆ ಮರಳುವಾಗ ಕೃಷ್ಣಗಿರಿಯ ಬಳಿ ಮಳೆ ಹಿಡಿಯಿತು. ನನ್ನ ಸಾಧಾರಣ ಹ್ಯಾಚ್‌ಬ್ಯಾಕಿನ ಮುಳ್ಳು ನೂರನ್ನು ದಾಟಿರುವುದು ಟೋಲ್ ಹತ್ತಿರ ಬಂದಾಗ ಗಮನಕ್ಕೆ ಬಂತು. ಬೆಳಗ್ಗೆ ಹೋಗುವಾಗ ಇಂಥ ಮಳೆಯಲ್ಲಿ ಎಂಬತ್ತಕ್ಕಿಂತ ಮೇಲೆ ಹೋಗಿರಲಿಲ್ಲ. ಹತ್ತರಲ್ಲಿ ಏಳು ಸಲ ಹಿಡಿದ ಹೆಮ್ಮೆ ಬಲಗಾಲಿಗೆ ಇಳಿದಿತ್ತು. ಉಳಿದ ಮೂರು ಸಲ ಹೆದ್ದಾರಿಯಲ್ಲಿ ಏನಾಗುತ್ತದೆಂಬುದು ತಲೆಗೆ ಏರಿರಲಿಲ್ಲ. ನಾರ್ವೆಯಲ್ಲಿ ಇದೇ ನಡೆದಿತ್ತೆಂದು ಆಮೇಲೆ ಓದಿದೆ. ಜಾರುವ ರಸ್ತೆಯಲ್ಲಿ ಕಾರು ನಿಭಾಯಿಸುವ ತರಬೇತಿಯನ್ನು ಅಲ್ಲಿ ಕಡ್ಡಾಯ ಮಾಡಿದ ಮೇಲೆ ಯುವಕರ ಅಪಘಾತಗಳು ಇಳಿಯುವ ಬದಲು ಏರಿದ್ದವು. ಜಾರಿದಾಗ ಹಿಡಿಯುವುದನ್ನು ಕಲಿತವರು, ಜಾರುವ ತನಕ ಹೋಗಲು ಹೆದರುವುದನ್ನು ಬಿಟ್ಟಿದ್ದರು. ಬಳಿಕ ಆ ಭಾಗದ ದೇಶಗಳಲ್ಲಿ ಇಂಥ ತರಬೇತಿಯ ಒತ್ತು ಬದಲಾಯಿತು: ಎಷ್ಟು ಬೇಗ, ಎಷ್ಟು ಸುಲಭವಾಗಿ ಕಾರು ಕೈಮೀರುತ್ತದೆ ಎಂಬುದನ್ನು ಅನುಭವಕ್ಕೆ ತಂದು ಹೆದರಿಸಿ ಕಳುಹಿಸುವುದು. ನನಗೆ ಆ ತರಬೇತಿಯಲ್ಲಿ ನಿಜವಾದ ಪಾಠ ಕಲಿಸಿದ್ದು ಮೊದಲ ನಾಲ್ಕು ಸಲವೇ. ಐದನೆಯದಕ್ಕೆ ಮೊದಲೇ ಮನೆಗೆ ಕಳುಹಿಸಿದ್ದರೆ ಒಳ್ಳೆಯದಿತ್ತೇನೋ.

ಶಿರಾಡಿಯ ಆ ಮೂರು ಸೆಕೆಂಡುಗಳಿಗೆ ಮರಳಿದರೆ, ಯಾರು ಉಳಿಸಿದರೆಂಬ ಪ್ರಶ್ನೆಗೆ ತಮ್ಮನ ಉತ್ತರವನ್ನು ನಾನು ಒಪ್ಪುತ್ತೇನೆ, ಕಾರೇ ಉಳಿಸಿತು. ನನ್ನನ್ನು ಕಾಡುವುದು ಅದರ ಹಿಂದಿನ ಅರ್ಧ ನಿಮಿಷ. ಕೆಮ್ಮಣ್ಣಿನ ನೀರು ಕಂಡಿತ್ತು. ಆ ಬಸ್ಸು ಮೊದಲಿನಿಂದಲೂ ಒಂದೇ ವೇಗದಲ್ಲಿ, ಬ್ರೇಕ್ ದೀಪ ಹೊತ್ತದಂತೆ ಹೋಗುತ್ತಿದ್ದುದು ಕಂಡಿತ್ತು. ಹೊರಡುವ ಮೊದಲು ಟೈರಿನತ್ತ ಬಗ್ಗಿ ನೋಡಲು ಪುತ್ತೂರಿನ ಅಂಗಳದಲ್ಲಿ ಬೇಕಾದಷ್ಟು ಹೊತ್ತಿತ್ತು. 250 ಅಶ್ವಶಕ್ತಿಯ ಕಾರು ಕೈಗೆ ಬಂದಾಗ ಈ ಮೂರನ್ನೂ ಬದಿಗಿಡುವಂತೆ ಮಾಡಿದ್ದು, ಏನಾದರೂ ಆದರೆ ಕಾರು ನೋಡಿಕೊಳ್ಳುತ್ತದೆ ಎಂಬ, ಬಾಯಿಬಿಟ್ಟು ಹೇಳಿಕೊಳ್ಳದ ಭರವಸೆ. ನನ್ನ ಹಳೆಯ ಹ್ಯಾಚ್‌ಬ್ಯಾಕಿನಲ್ಲಿ ಆ ಬಸ್ಸನ್ನು ನಾನು ಹಿಂದಿಕ್ಕುತ್ತಲೇ ಇರಲಿಲ್ಲ, ಏಕೆಂದರೆ ಅದಕ್ಕೆ ಆಗುತ್ತಿರಲಿಲ್ಲ.

ಅಂದು ಹಾಸನದಲ್ಲಿ ಟೈರಂಗಡಿಯ ಮುಂದೆ ನಿಲ್ಲಿಸಿ, ಮುಂದಿನ ಜೋಡಿಯನ್ನು ಹಿಂದಕ್ಕೂ ಹಿಂದಿನದನ್ನು ಮುಂದಕ್ಕೂ ಹಾಕಿಸಿದೆವು. ಅಂಗಡಿಯ ಹುಡುಗ ಜಾಕ್ ಏರಿಸುವ ಮೊದಲು ಎರಡೆರಡು ಸಲ ಕೇಳಿದ: "ಸಾರ್, ಹೊಸದು ಹಿಂದಕ್ಕಾ? ಉಲ್ಟಾ ಆಗಲ್ವಾ?"

ಕಳೆದ ಜುಲೈಯಲ್ಲಿ ಮತ್ತೆ ಅದೇ ಕಾರಿನಲ್ಲಿ, ಈಗ ನಾಲ್ಕೂ ಹೊಸ ಟೈರುಗಳೊಂದಿಗೆ, ಅದೇ ಘಾಟಿ ಹತ್ತಿದೆ. ಮಂಗಳೂರಿನಿಂದ ಗ್ಯಾಸ್ ತುಂಬಿಕೊಂಡು ಬಂದ ಬುಲೆಟ್ ಟ್ಯಾಂಕರೊಂದು ಗುಂಡ್ಯದಲ್ಲೇ ನಮ್ಮ ಮುಂದೆ ಸಿಕ್ಕಿತು. ಅದರ ಹಿಂದೆ ಇಪ್ಪತ್ತೈದರ ವೇಗದಲ್ಲಿ, ಅದರ ಚಕ್ರಗಳು ಎರಚುವ ಕೆಸರುನೀರನ್ನು ಒರೆಸಿಕೊಳ್ಳುತ್ತ ಸಾಗಿದೆವು. ಎರಡು ಕಡೆ ನೇರ ದಾರಿ ಸಿಕ್ಕಿತು. ಎರಡನೆಯದೂ ಕಳೆದಾಗ ತಮ್ಮ ತಡೆಯಲಾರದೆ, "ಎಂತ ಅಣ್ಣ, ಇಷ್ಟು ದುಡ್ಡು ಕೊಟ್ಟು ತೆಗೆದುಕೊಂಡ ಕಾರನ್ನು ಟ್ಯಾಂಕರಿನ ಹಿಂದೆ ಓಡಿಸುವುದಾ?" ಎಂದ. ನಾನು ವೈಪರನ್ನು ಇನ್ನೊಂದು ಹಂತಕ್ಕೆ ಏರಿಸಿದೆ.